ಕನ್ನಡದ ಶುಭಾಶಯದ ಜೊತೆ ಬಾಹ್ಯಾಕಾಶಕ್ಕೆ ಹೋದ ಗಿಟಾರ್: ಚಕ್ ಬೆರ್ರಿ ಬದುಕು, ಹಾಡು, ಜೈಲು

1977ರಲ್ಲಿ ನಾಸಾ ಹಾರಿಬಿಟ್ಟ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನದ ಒಂದೊಂದು ತಾಮ್ರದ ಗ್ರಾಮಫೋನ್ ತಟ್ಟೆ ಇದೆ. ಎಂದಾದರೂ, ಯಾರ ಕೈಗಾದರೂ ಸಿಕ್ಕರೆ ಭೂಮಿ ಎಂಬ ಊರಿನಲ್ಲಿ ಏನೆಲ್ಲ ಇತ್ತು ಎಂದು ಅವರಿಗೆ ತಿಳಿಯಲಿ ಎಂಬುದು ಅದರ ಉದ್ದೇಶ. ಅದರಲ್ಲಿರುವ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಒಂದು. 27 ಸಂಗೀತದ ತುಣುಕುಗಳಲ್ಲಿ ಬಾಖ್ ಇದ್ದಾರೆ, ಬೀಥೋವನ್ ಇದ್ದಾರೆ. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರು ಮಾಡಿದ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ರಾಕ್ ಅಂಡ್ ರೋಲ್‌ಗೆ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಜಾಗ. ಆ ಹಾಡು 'ಜಾನಿ ಬಿ. ಗೂಡ್', ಬರೆದು ಹಾಡಿದವರು ಚಕ್ ಬೆರ್ರಿ.

ತಮಾಷೆ ನೋಡಿ, ಬೀಥೋವನ್‌ಗೆ 'ಸ್ವಲ್ಪ ಸರಿದುಕೋ' ಎನ್ನುವಂಥ ಹಾಡು ಬರೆದು ಬೆರ್ರಿ ಹೆಸರು ಮಾಡಿದ್ದು 1956ರಲ್ಲಿ. ಈಗ ಇಬ್ಬರೂ ಒಂದೇ ತಟ್ಟೆಯಲ್ಲಿ ಕೂತು ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದ್ದಾರೆ. ವಾಯೇಜರ್ 1 ಈಗ ನಮ್ಮಿಂದ ಸುಮಾರು 2,500 ಕೋಟಿ ಕಿ.ಮೀ. ದೂರದಲ್ಲಿದೆ.

ಅಷ್ಟು ದೂರದಲ್ಲಿ ಹಾಡು ಯಾರದು ಎಂಬ ತಕರಾರಿಲ್ಲ. ಭೂಮಿಯ ಮೇಲೆ ಮಾತ್ರ ಬೆರ್ರಿ ಬದುಕಿದ್ದ 90 ವರ್ಷಗಳಲ್ಲಿ ಹೆಚ್ಚಿನ ಪಾಲು ಇದೇ ಜಗಳದಲ್ಲಿ ಕಳೆಯಿತು. ಅವರ ಮೊದಲ ಹಿಟ್ ಹಾಡಿನ ಮೇಲೆ ಒಂದು ಸಾಲೂ ಬರೆಯದ ಇಬ್ಬರ ಹೆಸರು ಸೇರಿಕೊಂಡಿತ್ತು. ಅವರ ರಾಗವನ್ನು ಬೇರೆಯವರು ಎತ್ತಿಕೊಂಡರು. ಕೊನೆಗೆ, ಅವರ ಪಕ್ಕದಲ್ಲೇ ಕೂತು ಪಿಯಾನೊ ನುಡಿಸಿದ ಹಳೆಯ ಗೆಳೆಯರೇ 'ಈ ಹಾಡುಗಳಲ್ಲಿ ನನ್ನ ಪಾಲೂ ಇದೆ' ಎಂದು ಕೋರ್ಟಿಗೆ ಹೋದರು.

ಶಾಲೆಯ ಹುಡುಗ, ಜೈಲಿನ ಹುಡುಗ

ಚಾರ್ಲ್ಸ್ ಎಡ್ವರ್ಡ್ ಆ್ಯಂಡರ್ಸನ್ ಬೆರ್ರಿ ಹುಟ್ಟಿದ್ದು 1926ರ ಅಕ್ಟೋಬರ್ 18ರಂದು, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ಮನೆ ಇದ್ದದ್ದು ಗೂಡ್ ಅವೆನ್ಯೂ ಎಂಬ ಬೀದಿಯಲ್ಲಿ. ಜಾನಿ ಬಿ. ಗೂಡ್‌ನ 'ಗೂಡ್' ಬಂದಿದ್ದು ಇಲ್ಲಿಂದಲೇ. ಮನೆಯಲ್ಲಿ ಬಡತನವಿರಲಿಲ್ಲ. ತಂದೆ ಹೆನ್ರಿ ಕಟ್ಟಡದ ಗುತ್ತಿಗೆದಾರ, ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಡೀಕನ್. ತಾಯಿ ಮಾರ್ಥಾ ಓದಿದವರು, ಶಾಲೆ ನಡೆಸಿದವರು. 'ದಿ ವಿಲ್' ಎಂಬ ಅವರ ಬಡಾವಣೆ ಕಪ್ಪು ಜನರ ಮಧ್ಯಮವರ್ಗ ನೆಲೆ ನಿಂತಿದ್ದ ಜಾಗ. ಬೆರ್ರಿ ಹಾಡುಗಳಲ್ಲಿ ಪ್ರತಿ ಪದವೂ ಸ್ಪಷ್ಟವಾಗಿ ಕೇಳಿಸುತ್ತದೆ, ಕಥೆ ಎಲ್ಲೂ ತಪ್ಪಿಹೋಗುವುದಿಲ್ಲ. ಅದಕ್ಕೆ ಈ ಮನೆಯೂ ಒಂದು ಕಾರಣ ಎಂದರೆ ತಪ್ಪಾಗಲಾರದು.

ಆದರೆ ಹುಡುಗ ಹೈಸ್ಕೂಲಿನಲ್ಲಿದ್ದಾಗಲೇ, 1944ರಲ್ಲಿ, ಗೆಳೆಯರ ಜೊತೆ ಸೇರಿ ಅಂಗಡಿಗಳನ್ನು ದೋಚಿ ಸಿಕ್ಕಿಬಿದ್ದ. ಅಲ್ಗೋವಾ ಎಂಬಲ್ಲಿದ್ದ ಯುವಕರ ಸುಧಾರಣಾ ಜೈಲಿಗೆ ಕಳಿಸಿದರು. ಅಲ್ಲಿ ಹಾಡುವ ತಂಡ ಕಟ್ಟಿಕೊಂಡು, ಬಾಕ್ಸಿಂಗ್ ಕಲಿತು, ಬಿಡುಗಡೆಯಾಗಿದ್ದು 1947ರಲ್ಲಿ, ಸರಿಯಾಗಿ 21ನೇ ಹುಟ್ಟುಹಬ್ಬದ ದಿನ. ಮರುವರ್ಷ ಥೆಮೆಟಾ ಸಗ್ಸ್ ಅವರೊಂದಿಗೆ ಮದುವೆ. ಆ ಮದುವೆ 68 ವರ್ಷ, ಅವರ ಸಾವಿನವರೆಗೂ ಉಳಿಯಿತು. ನಡುವೆ ಏನೇನು ನಡೆಯಿತು ಎಂಬುದನ್ನು ಮುಂದೆ ಓದಿದರೆ ಇದು ಸಣ್ಣ ವಿಷಯವಲ್ಲ ಎಂದು ನಿಮಗೂ ಅನ್ನಿಸುತ್ತದೆ.

ಹೊಟ್ಟೆಪಾಡಿಗೆ ಬೆರ್ರಿ ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದರು, ಕಟ್ಟಡಗಳಲ್ಲಿ ಕಸ ಗುಡಿಸಿದರು, ತಲೆಗೂದಲು ಅಲಂಕಾರದ ತರಬೇತಿ ಪಡೆದರು. ಗಿಟಾರ್ ಆಗ ಸಂಜೆಯ ಹೆಚ್ಚುವರಿ ಸಂಪಾದನೆ ಮಾತ್ರ.

ಕಾಸ್ಮೊಪಾಲಿಟನ್ ಕ್ಲಬ್ಬಿನ ರಾತ್ರಿಗಳು

ಬದುಕು ತಿರುಗಿದ್ದು 1952ರ ಡಿಸೆಂಬರ್ 31ರ ರಾತ್ರಿ. ಮಿಸಿಸಿಪ್ಪಿ ನದಿಯ ಆಚೆ ದಡದ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಾಸ್ಮೊಪಾಲಿಟನ್ ಎಂಬ ಕ್ಲಬ್ ಇತ್ತು. ಅಲ್ಲಿ ನುಡಿಸುತ್ತಿದ್ದ ಪಿಯಾನೊ ವಾದಕ ಜಾನಿ ಜಾನ್ಸನ್ ಅವರ ಮೂವರ ತಂಡದಲ್ಲಿ ಒಬ್ಬರಿಗೆ ಹುಷಾರಿರಲಿಲ್ಲ. ಬದಲಿಗೆ ಕರೆಸಿದ್ದು ಬೆರ್ರಿಯನ್ನು. ಬದಲಿಯಾಗಿ ಬಂದವರು ಕೆಲವೇ ತಿಂಗಳಲ್ಲಿ ತಂಡದ ಮುಖವಾಗಿಬಿಟ್ಟರು.

ಕ್ಲಬ್ಬಿಗೆ ಬರುತ್ತಿದ್ದ ಕಪ್ಪು ಜನರಿಗೆ ಬೇಕಾಗಿದ್ದು ಬ್ಲೂಸ್. ಬೆರ್ರಿ ಅದನ್ನು ಹಾಡುತ್ತಲೇ ನಡುವೆ ಬಿಳಿಯರ ಹಳ್ಳಿಗಾಡಿನ 'ಕಂಟ್ರಿ' ಹಾಡುಗಳನ್ನು ತೂರಿಸುತ್ತಿದ್ದರು. ಮೊದಮೊದಲು ಜನ ನಕ್ಕರು, ಇದ್ಯಾರಪ್ಪ ಕಪ್ಪು ಬಣ್ಣದ ಹಳ್ಳಿಗ ಎಂದು ಲೇವಡಿ ಮಾಡಿದರು. ಆಮೇಲೆ ಅದಕ್ಕೇ ಕುಣಿಯತೊಡಗಿದರು. ಸುದ್ದಿ ಹಬ್ಬಿ ಬಿಳಿಯರೂ ನದಿ ದಾಟಿ ಬಂದರು. ವರ್ಣಭೇದ ಇನ್ನೂ ಗಟ್ಟಿಯಾಗಿ ಬೇರೂರಿದ್ದ ಕಾಲದಲ್ಲಿ ಎರಡೂ ಬಣ್ಣದವರು ಒಂದೇ ಕ್ಲಬ್ಬಿನಲ್ಲಿ ಸೇರುವುದು ದೊಡ್ಡ ಮಾತು.

1955ರ ಮೇ ತಿಂಗಳಲ್ಲಿ ಬೆರ್ರಿ ಷಿಕಾಗೊಗೆ ಹೋಗಿ, ತಾವು ಆರಾಧಿಸುತ್ತಿದ್ದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರನ್ನು ಕಂಡು, ರೆಕಾರ್ಡ್ ಮಾಡಲು ಯಾರನ್ನು ಕೇಳಲಿ ಎಂದರು. ವಾಟರ್ಸ್ ತೋರಿಸಿದ್ದು ಲೆನರ್ಡ್ ಚೆಸ್ ಅವರ ಕಂಪನಿಯ ಕಡೆ. ತಮ್ಮ ಬ್ಲೂಸ್ ಹಾಡು ಚೆಸ್ ಅವರಿಗೆ ಹಿಡಿಸಬಹುದು ಎಂದು ಬೆರ್ರಿ ಲೆಕ್ಕ ಹಾಕಿದ್ದರು. ಚೆಸ್ ಕಿವಿ ನಿಮಿರಿದ್ದು 'ಐಡಾ ರೆಡ್' ಎಂಬ ಹಳೆಯ ಕಂಟ್ರಿ ಹಾಡಿನ ಧಾಟಿಯಲ್ಲಿ ಬೆರ್ರಿ ಕಟ್ಟಿದ್ದ ಹಾಡಿಗೆ. ಹೆಸರು ಬದಲಿಸಿ ಎಂದರು. 'ಮೇಬಲಿನ್' ಆಯಿತು. ಆ ಹೆಸರಿನ ಬಗ್ಗೆ ಎರಡು ಕಥೆಗಳಿವೆ. ಸ್ಟುಡಿಯೊದಲ್ಲಿದ್ದ ಕಣ್ಣಿನ ಮೇಕಪ್ ಡಬ್ಬಿಯ ಮೇಲಿನ ಹೆಸರು ಎಂದು ಒಂದು. ಶಾಲೆಯ ಪಾಠದಲ್ಲಿ ಬರುವ ಹಸುವಿನ ಹೆಸರು ಎಂದು ಬೆರ್ರಿ ಹೇಳುತ್ತಿದ್ದದ್ದು ಇನ್ನೊಂದು.

ಮೋಸ ಮಾಡಿದ ಹುಡುಗಿ ಕ್ಯಾಡಿಲಾಕ್ ಕಾರಿನಲ್ಲಿ ಹೋಗುತ್ತಿದ್ದಾಳೆ, ಹುಡುಗ ತನ್ನ ಫೋರ್ಡ್‌ನಲ್ಲಿ ಅವಳನ್ನು ಬೆನ್ನಟ್ಟುತ್ತಾನೆ. ಎರಡೂಕಾಲು ನಿಮಿಷದ ಹಾಡಿನಲ್ಲಿ ಒಂದು ಪೂರ್ತಿ ಸಿನಿಮಾ. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು, ಬಿಳಿಯ ಕೇಳುಗರೇ ಹೆಚ್ಚಿದ್ದ ಪಾಪ್ ಪಟ್ಟಿಯಲ್ಲಿ ಐದನೇ ಸ್ಥಾನ.

ಇಬ್ಬರು ಎಲ್ಲಿಂದ ಬಂದರು?

ಮೊದಲ ರಾಯಲ್ಟಿ ಲೆಕ್ಕ ಕೈಗೆ ಬಂದಾಗ ಬೆರ್ರಿಗೆ ಆಘಾತ. 'ಮೇಬಲಿನ್' ಬರೆದವರು ಮೂವರು ಎಂದಿತ್ತು: ಚಕ್ ಬೆರ್ರಿ, ಅಲನ್ ಫ್ರೀಡ್, ರಸ್ ಫ್ರಾಟೊ. ಫ್ರೀಡ್ ನ್ಯೂಯಾರ್ಕಿನ ಪ್ರಭಾವಿ ರೇಡಿಯೊ ಜಾಕಿ, 'ರಾಕ್ ಅಂಡ್ ರೋಲ್' ಎಂಬ ಹೆಸರನ್ನು ಮನೆಮಾತು ಮಾಡಿದವರು. ಫ್ರಾಟೊ ಚೆಸ್ ಕಂಪನಿಗೆ ಬೇಕಾದ ಒಬ್ಬ ವ್ಯಾಪಾರಿ. ಇಬ್ಬರೂ ಹಾಡಿಗೆ ಒಂದು ಅಕ್ಷರ ಸೇರಿಸಿರಲಿಲ್ಲ. ದೊಡ್ಡ ಹೆಸರುಗಳಿದ್ದರೆ ಹಾಡಿಗೆ ಗಮನ ಸಿಗುತ್ತದೆ ಎಂಬುದು ಚೆಸ್ ಕೊಟ್ಟ ಸಮಜಾಯಿಷಿ.

ಈ ಲೆಕ್ಕಾಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಹಾಡಿನಿಂದ ಹಣ ಬರುವುದು ಎರಡು ದಾರಿಯಲ್ಲಿ. ರೆಕಾರ್ಡ್ ಮಾರಾಟದಲ್ಲಿ ಹಾಡಿದವರಿಗೆ ಒಂದು ಪಾಲು. ಹಾಡು ರೇಡಿಯೊದಲ್ಲಿ ಬಂದಾಗ, ಬೇರೆಯವರು ಹಾಡಿದಾಗ, ರೆಕಾರ್ಡ್ ಮುದ್ರಣವಾದಾಗ ಬರೆದವರಿಗೆ ಇನ್ನೊಂದು. ಎರಡನೆಯದು ವರ್ಷಗಟ್ಟಲೆ ಹರಿಯುವ ಕಾಲುವೆ. ರೇಡಿಯೊ ಜಾಕಿಯ ಹೆಸರನ್ನು 'ಬರೆದವರು' ಎಂದು ಸೇರಿಸಿದರೆ ಹಾಡು ಎಷ್ಟು ಸಲ ಬಜಾಯಿಸಿದರೆ ಅಷ್ಟು ಲಾಭ ಅವರ ಜೇಬಿಗೂ ಬೀಳುತ್ತದೆ. ಲಂಚ ಎನ್ನಲಾಗದ ಲಂಚ. ಇಂಥ ವ್ಯವಹಾರಗಳ ತನಿಖೆ ಮುಂದೆ ಶುರುವಾದಾಗ ಫ್ರೀಡ್ ಲಂಚದ ಆರೋಪವನ್ನು 1962ರಲ್ಲಿ ಒಪ್ಪಿಕೊಂಡರು, ಬಿದ್ದ ದಂಡ 300 ಡಾಲರ್. 1965ರಲ್ಲಿ ಅವರು ತೀರಿಕೊಂಡರು. 'ಮೇಬಲಿನ್' ಪೂರ್ತಿಯಾಗಿ ಬೆರ್ರಿ ಹೆಸರಿಗೆ ಬಂದಿದ್ದು ಮಾತ್ರ 1986ರಲ್ಲಿ. ಲೆಕ್ಕ ಹಾಕಿ, 31 ವರ್ಷ.

ಅಲ್ಲಿಂದ ಬೆರ್ರಿ ಒಂದು ಪಾಠ ಕಲಿತರು, ಅದನ್ನು ಬಿಗಿಯಾಗಿ ಹಿಡಿದುಕೊಂಡರು: ಯಾರನ್ನೂ ನಂಬಬೇಡ, ಹಣ ಮೊದಲು ಎಣಿಸಿಕೋ.

ಹದಿಹರೆಯದವರ ಕವಿ

ಮುಂದಿನ ನಾಲ್ಕೈದು ವರ್ಷ ಬೆರ್ರಿ ಬರೆದ ಹಾಡುಗಳು ರಾಕ್ ಅಂಡ್ ರೋಲ್‌ನ ಪಠ್ಯಪುಸ್ತಕ. 'ರೋಲ್ ಓವರ್ ಬೀಥೋವನ್' (1956), 'ಸ್ಕೂಲ್ ಡೇ' ಮತ್ತು 'ರಾಕ್ ಅಂಡ್ ರೋಲ್ ಮ್ಯೂಸಿಕ್' (1957), 'ಸ್ವೀಟ್ ಲಿಟಲ್ ಸಿಕ್ಸ್‌ಟೀನ್' ಮತ್ತು 'ಜಾನಿ ಬಿ. ಗೂಡ್' (1958). ಮೂವತ್ತು ದಾಟಿದ, ಹೆಂಡತಿ ಮಕ್ಕಳಿದ್ದ ಮನುಷ್ಯ ಬರೆದಿದ್ದು ಕಾಲೇಜಿನ ಮೆಟ್ಟಿಲೂ ಹತ್ತದ ಹುಡುಗ ಹುಡುಗಿಯರ ಬಗ್ಗೆ: ಶಾಲೆಯ ಗಂಟೆ, ಕಾರು, ಜೂಕ್‌ಬಾಕ್ಸ್, ಶುಕ್ರವಾರದ ಕುಣಿತ. ಯುದ್ಧದ ನಂತರ ಅಮೆರಿಕದ ಹರೆಯದವರ ಜೇಬಿನಲ್ಲಿ ಮೊದಲ ಬಾರಿಗೆ ಖರ್ಚಿಗೆ ಕಾಸಿತ್ತು. ಅವರಿಗೆ ಬೇಕಾದ ಹಾಡು ಯಾವುದೆಂದು ಬೆರ್ರಿ ಯೋಚಿಸಿಯೇ ಬರೆದರು. ಇದನ್ನು ಕೆಲವರು ವ್ಯಾಪಾರ ಬುದ್ಧಿ ಎನ್ನುತ್ತಾರೆ. ಇರಲಿ ಬಿಡಿ, ವ್ಯಾಪಾರ ಬುದ್ಧಿ ಇದ್ದವರೆಲ್ಲ ಇಂಥ ಹಾಡು ಬರೆಯಲಿಲ್ಲವಲ್ಲ.

ಗಿಟಾರಿನ ವಿಷಯಕ್ಕೆ ಬಂದರೆ, ಎರಡೆರಡು ತಂತಿಗಳನ್ನು ಒಟ್ಟಿಗೆ ಮೀಟಿ, ಬಾಗಿಸಿ, ಕಹಳೆಯ ಹಾಗೆ ಕೂಗಿಸುವುದು ಅವರ ಶೈಲಿ. 'ಜಾನಿ ಬಿ. ಗೂಡ್' ಶುರುವಿನ ತುಣುಕನ್ನು ಕೇಳದೆ ಗಿಟಾರ್ ಕಲಿತವರು ಕಡಿಮೆ. ಆದರೆ ಆ ತುಣುಕೂ ಸಂಪೂರ್ಣ ಅವರದಲ್ಲ. ಲೂಯಿಸ್ ಜೋರ್ಡನ್ ಅವರ 1946ರ ಒಂದು ಹಾಡಿನಲ್ಲಿ ಗಿಟಾರ್ ವಾದಕ ಕಾರ್ಲ್ ಹೋಗನ್ ಹೆಚ್ಚುಕಡಿಮೆ ಅದನ್ನೇ ನುಡಿಸಿದ್ದಾರೆ. ಹೋಗನ್ ಮತ್ತು ಟಿ-ಬೋನ್ ವಾಕರ್ ಅವರಿಂದ ಕಲಿತೆ ಎನ್ನಲು ಬೆರ್ರಿ ಹಿಂಜರಿದವರಲ್ಲ. ನುಡಿಸುತ್ತಲೇ ಮಂಡಿ ಬಗ್ಗಿಸಿ ವೇದಿಕೆಯುದ್ದಕ್ಕೂ ಕುಪ್ಪಳಿಸುವ 'ಬಾತುಕೋಳಿ ನಡಿಗೆ' ಮಾತ್ರ ಅವರ ಸ್ವಂತ ಗುರುತಾಗಿ ಉಳಿಯಿತು.

'ಜಾನಿ ಬಿ. ಗೂಡ್' ಕಥೆಯ ನಾಯಕ ಓದುಬರಹ ಸರಿಯಾಗಿ ಬಾರದ, ಗಿಟಾರ್ ಮಾತ್ರ ಅದ್ಭುತವಾಗಿ ನುಡಿಸುವ ಲೂಸಿಯಾನದ ಹುಡುಗ. ಬೆರ್ರಿ ಮೊದಲು ಆತನನ್ನು ಕಪ್ಪು ಹುಡುಗ ಎಂದೇ ಬರೆದಿದ್ದರು. ಹಾಗೆ ಹಾಡಿದರೆ ಬಿಳಿಯರ ರೇಡಿಯೊಗಳು ಮುಟ್ಟುವುದಿಲ್ಲ ಎಂದು ಗೊತ್ತಿದ್ದರಿಂದ ಅದನ್ನು ಹಳ್ಳಿ ಹುಡುಗ ಎಂದು ತಿದ್ದಿದರು. ಒಂದೇ ಪದದ ಬದಲಾವಣೆ. ದಕ್ಷಿಣದ ಒಂದು ಊರಿನಲ್ಲಿ ಕಾರ್ಯಕ್ರಮಕ್ಕೆ ಹೋದಾಗ, ರೆಕಾರ್ಡ್ ಕೇಳಿ ಗಾಯಕ ಬಿಳಿಯನೇ ಇರಬೇಕು ಎಂದುಕೊಂಡಿದ್ದ ಆಯೋಜಕರು ಬಾಗಿಲಲ್ಲೇ ವಾಪಸ್ ಕಳಿಸಿದ್ದನ್ನು ಬೆರ್ರಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಪದ ಯಾಕೆ ಬದಲಾಯಿತು ಎಂದು ಬೇರೆ ವಿವರಣೆ ಬೇಕಿಲ್ಲ.

ಎರಡನೇ ಜೈಲು

1959ರ ಡಿಸೆಂಬರಿನಲ್ಲಿ ಬೆರ್ರಿ ಬಂಧನವಾಯಿತು. ಪ್ರವಾಸದಲ್ಲಿ ಭೇಟಿಯಾದ 14 ವರ್ಷದ ಬಾಲಕಿಯನ್ನು ರಾಜ್ಯಗಳ ಗಡಿ ದಾಟಿಸಿ ಸೇಂಟ್ ಲೂಯಿಸ್‌ಗೆ ಕರೆತಂದು, ತಮ್ಮ ಕ್ಲಬ್ಬಿನಲ್ಲಿ ಕೆಲಸಕ್ಕಿಟ್ಟುಕೊಂಡಿದ್ದರು. ಅನೈತಿಕ ಉದ್ದೇಶಕ್ಕೆ ಹೆಣ್ಣುಮಕ್ಕಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ನಿಷೇಧಿಸುವ 1910ರ ಮ್ಯಾನ್ ಕಾಯ್ದೆಯಡಿ ಕೇಸ್ ಬಿತ್ತು. ಮೊದಲ ವಿಚಾರಣೆಯಲ್ಲಿ ಐದು ವರ್ಷ ಶಿಕ್ಷೆ. ನ್ಯಾಯಾಧೀಶರ ಮಾತುಗಳಲ್ಲಿ ಜನಾಂಗ ದ್ವೇಷವಿತ್ತು ಎಂಬ ಮೇಲ್ಮನವಿಯನ್ನು ಮೇಲಿನ ಕೋರ್ಟ್ ಒಪ್ಪಿ ಮರುವಿಚಾರಣೆಗೆ ಆದೇಶಿಸಿತು. ಎರಡನೇ ಬಾರಿಯೂ ಅಪರಾಧಿ ಎಂದೇ ತೀರ್ಪು ಬಂತು, ಶಿಕ್ಷೆ ಮೂರು ವರ್ಷಕ್ಕಿಳಿಯಿತು.

ಬೆರ್ರಿ ಬಗ್ಗೆ ಬರೆಯುವವರು ಇಲ್ಲಿ ಎರಡು ಗುಂಪಾಗುತ್ತಾರೆ. ಕಪ್ಪು ಗಾಯಕನನ್ನು ತುಳಿಯಲು ಹೂಡಿದ ಆಟ ಎಂದು ಒಂದು ಗುಂಪು. ಆ ಕಾಯ್ದೆಯನ್ನು ಯಶಸ್ವಿ ಕಪ್ಪು ಗಂಡಸರ ಮೇಲೆ ಆಯುಧವಾಗಿ ಬಳಸಿದ್ದು ನಿಜ. ಬಾಕ್ಸಿಂಗ್ ಚಾಂಪಿಯನ್ ಜ್ಯಾಕ್ ಜಾನ್ಸನ್ 1913ರಲ್ಲೇ ಅದಕ್ಕೆ ಬಲಿಯಾಗಿದ್ದರು. ಆದರೆ ನ್ಯಾಯಾಧೀಶರ ಬಾಯಿ ಕೆಟ್ಟದಾಗಿತ್ತು ಎಂಬ ಕಾರಣಕ್ಕೆ ಹುಡುಗಿಯ ವಯಸ್ಸು 14 ಎಂಬುದು ಬದಲಾಗುವುದಿಲ್ಲ. ತನಗೆ ಆಕೆಯ ನಿಜವಾದ ವಯಸ್ಸು ಗೊತ್ತಿರಲಿಲ್ಲ ಎಂದು ಬೆರ್ರಿ ವಾದಿಸಿದರು. ಎರಡು ಬಾರಿಯೂ ಜ್ಯೂರಿ ಅವರನ್ನು ನಂಬಲಿಲ್ಲ. 1990ರಲ್ಲಿ ಅವರ ಹೋಟೆಲಿನ ಮಹಿಳೆಯರ ಶೌಚಾಲಯದಲ್ಲಿ ಕ್ಯಾಮೆರಾ ಇಟ್ಟಿದ್ದಾರೆ ಎಂದು ಹಲವು ಮಹಿಳೆಯರು ದಾವೆ ಹೂಡಿದರು, ಅದು ಹಣ ಕೊಟ್ಟು ರಾಜಿಯಲ್ಲಿ ಮುಗಿಯಿತು. ಹಾಡು ಚೆನ್ನಾಗಿದೆ ಎಂದು ಇದನ್ನೆಲ್ಲ ಕೆಳಗಿನ ಟಿಪ್ಪಣಿಗೆ ತಳ್ಳುವುದು ಸರಿಯಲ್ಲ.

1962ರ ಫೆಬ್ರವರಿಯಿಂದ 1963ರ ಅಕ್ಟೋಬರ್‌ವರೆಗೆ ಬೆರ್ರಿ ಜೈಲಿನಲ್ಲಿದ್ದರು. ಅಲ್ಲೇ ಅಕೌಂಟಿಂಗ್ ಓದಿಕೊಂಡರು. 'ನಡೀನ್', 'ಯು ನೆವರ್ ಕ್ಯಾನ್ ಟೆಲ್', 'ಪ್ರಾಮಿಸ್ಡ್ ಲ್ಯಾಂಡ್' ಹಾಡುಗಳನ್ನು ಬರೆದರು. ಕೊನೆಯದು ವರ್ಜೀನಿಯಾದ ನಾರ್ಫೋಕ್‌ನಿಂದ ಲಾಸ್ ಏಂಜಲೀಸ್‌ವರೆಗೆ ಬಸ್ಸು, ರೈಲು, ವಿಮಾನ ಹಿಡಿದು ಹೋಗುವ ಬಡ ಹುಡುಗನ ಪ್ರಯಾಣ. ದಾರಿ ಸರಿಯಾಗಿ ಬರೆಯಬೇಕೆಂದು ಬೆರ್ರಿ ಜೈಲಿನ ಗ್ರಂಥಾಲಯದಲ್ಲಿ ಭೂಪಟ ಕೇಳಿದರಂತೆ. ಕೈದಿಗೆ ಭೂಪಟ ಯಾಕೆ ಎಂದು ಅಧಿಕಾರಿಗಳಿಗೆ ಅನುಮಾನ! ಹಾಡಿನ ಬಸ್ಸು ರಾಕ್ ಹಿಲ್ ಎಂಬ ಊರನ್ನು ನಿಲ್ಲದೆ ದಾಟುತ್ತದೆ, ಅಲಬಾಮಾದಲ್ಲಿ ಕೆಟ್ಟು ನಿಲ್ಲುತ್ತದೆ. 1961ರಲ್ಲಿ ವರ್ಣಭೇದದ ವಿರುದ್ಧ ಬಸ್ಸು ಹತ್ತಿದ್ದ 'ಫ್ರೀಡಂ ರೈಡರ್ಸ್' ಏಟು ತಿಂದಿದ್ದೂ ರಾಕ್ ಹಿಲ್‌ನಲ್ಲೇ, ಅವರ ಬಸ್ಸಿಗೆ ಬೆಂಕಿ ಬಿದ್ದದ್ದೂ ಅಲಬಾಮಾದಲ್ಲೇ. ಹಾಡು ಅದನ್ನೆಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನನ್ನು ಕೇಳಿದರೆ ಬೆರ್ರಿ ಬರೆದದ್ದರಲ್ಲೆಲ್ಲ ಇದೇ ಅತ್ಯುತ್ತಮ.

ಬಿಡುಗಡೆ ಮತ್ತೆ ಅಕ್ಟೋಬರ್ 18ರಂದು, 37ನೇ ಹುಟ್ಟುಹಬ್ಬಕ್ಕೆ.

ಒಳಗಿದ್ದಾಗ ಹೊರಗೆ ನಡೆದದ್ದು

ಅವರು ಜೈಲಿನಲ್ಲಿದ್ದಾಗ ಬೀಚ್ ಬಾಯ್ಸ್ ತಂಡದ 'ಸರ್ಫಿನ್ ಯುಎಸ್ಎ' ಅಮೆರಿಕದ ತುಂಬ ಮೊಳಗುತ್ತಿತ್ತು. ರಾಗ 'ಸ್ವೀಟ್ ಲಿಟಲ್ ಸಿಕ್ಸ್‌ಟೀನ್'ನದು, ಮಾತು ಮಾತ್ರ ಹೊಸದು. ಬೆರ್ರಿ ಹಾಡುಗಳ ಪ್ರಕಾಶಕ ಸಂಸ್ಥೆ ಪಟ್ಟು ಹಿಡಿದು ಹಕ್ಕು ಪಡೆಯಿತು, ಬೆರ್ರಿ ಹೆಸರು ನಂತರ ಸೇರಿತು. ಇಂಗ್ಲೆಂಡಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ 1963ರ ಜೂನ್‌ನಲ್ಲಿ ತಂದ ಮೊಟ್ಟಮೊದಲ ರೆಕಾರ್ಡ್ 'ಕಮ್ ಆನ್' ಕೂಡ ಬೆರ್ರಿ ಹಾಡೇ. ಬೀಟಲ್ಸ್ 'ರೋಲ್ ಓವರ್ ಬೀಥೋವನ್' ಹಾಡಿದರು. ಮುಂದೆ ಜಾನ್ ಲೆನನ್ 'ಕಮ್ ಟುಗೆದರ್'ನಲ್ಲಿ ಬೆರ್ರಿಯ 'ಯು ಕಾಂಟ್ ಕ್ಯಾಚ್ ಮಿ' ಹಾಡಿನ ಛಾಯೆ ತಂದು ದಾವೆ ಎದುರಿಸಿದರು. ದಾವೆ ಹೂಡಿದವರು ಹಾಡಿನ ಹಕ್ಕುದಾರ ಪ್ರಕಾಶಕ ಮಾರಿಸ್ ಲೆವಿ, ಬೆರ್ರಿ ಅಲ್ಲ. ರಾಜಿಯ ಭಾಗವಾಗಿ ಲೆನನ್ 1975ರ ಆಲ್ಬಂನಲ್ಲಿ ಆ ಹಾಡನ್ನೇ ಹಾಡಬೇಕಾಯಿತು.

ಜೈಲಿನಿಂದ ಬಂದವರು ಒಂಟಿ ವ್ಯಾಪಾರಿಯಾದರು. ಬ್ಯಾಂಡ್ ಇಲ್ಲ, ಮ್ಯಾನೇಜರ್ ಇಲ್ಲ. ಗಿಟಾರ್ ಹಿಡಿದು ಊರಿಗೆ ಬರುವುದು, ಒಪ್ಪಂದದ ಹಣವನ್ನು ಮೊದಲೇ ನಗದಾಗಿ ಎಣಿಸಿಕೊಳ್ಳುವುದು, ಆಯೋಜಕರು ಹಿಡಿದು ತಂದ ಸ್ಥಳೀಯ ಹುಡುಗರ ಜೊತೆ ತಾಲೀಮೇ ಇಲ್ಲದೆ ನುಡಿಸಿ ಹೊರಟುಬಿಡುವುದು. 1973ರಲ್ಲಿ ಹಾಗೆ ಸಿಕ್ಕಿದ ಹುಡುಗರಲ್ಲಿ ಒಬ್ಬರು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಇವತ್ತು ಯಾವ ಹಾಡು ಎಂದು ಕೇಳಿದ್ದಕ್ಕೆ ಬಂದ ಉತ್ತರ, ಚಕ್ ಬೆರ್ರಿ ಹಾಡುಗಳು! ಕಾರ್ಯಕ್ರಮ ಎಷ್ಟೋ ಸಲ ಹದಗೆಡುತ್ತಿತ್ತು. ದುಡ್ಡು ಕೊಟ್ಟು ಬಂದವರು ಬೈದುಕೊಂಡು ಹೋದದ್ದೂ ಉಂಟು. ನಗದು ವ್ಯವಹಾರ ಕೊನೆಗೆ ತೆರಿಗೆಯವರ ಕಣ್ಣಿಗೆ ಬಿತ್ತು. 1979ರ ಜೂನ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಆಹ್ವಾನದಂತೆ ಶ್ವೇತಭವನದಲ್ಲಿ ಹಾಡಿದ ಬೆರ್ರಿ, ಅದೇ ವರ್ಷ ತೆರಿಗೆ ವಂಚನೆಗಾಗಿ ನಾಲ್ಕು ತಿಂಗಳು ಜೈಲು ಸೇರಿದರು. ಮೂರನೇ ಬಾರಿ.

ಪಾಪ್ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ಸಿಕ್ಕಿದ್ದು ಒಂದೇ ಸಲ, 1972ರಲ್ಲಿ, 'ಮೈ ಡಿಂಗ್-ಎ-ಲಿಂಗ್' ಎಂಬ ಪೋಲಿ ಹಾಡಿಗೆ. ಅದು 1950ರ ದಶಕದ ಆರಂಭದಲ್ಲಿ ಡೇವ್ ಬಾರ್ತೊಲೊಮ್ಯೂ ಎಂಬವರು ಬರೆದದ್ದು. ಇಷ್ಟೆಲ್ಲ ಬರೆದವರಿಗೆ ನಂಬರ್ ಒನ್ ತಂದುಕೊಟ್ಟದ್ದು ಇನ್ನೊಬ್ಬರ ಹಾಡು.

ಪಿಯಾನೊ ಕಡೆಯಿಂದ ಬಂದ ಪ್ರಶ್ನೆ

1986ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ ತಂಡದಲ್ಲೇ ಬೆರ್ರಿಗೆ ಗೌರವ ಸಂದಿತು. ಹಾರ ಹಾಕಿದ್ದು ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್, ನಿಮ್ಮದನ್ನೆಲ್ಲ ಕದ್ದವನು ನಾನೇ ಎಂದು ಒಪ್ಪಿಕೊಳ್ಳುತ್ತ. ಅದೇ ವರ್ಷ ಸೇಂಟ್ ಲೂಯಿಸ್‌ನಲ್ಲಿ ಬೆರ್ರಿಯ 60ರ ಸಂಭ್ರಮದ ಕಛೇರಿಯನ್ನು ರಿಚರ್ಡ್ಸ್ ಏರ್ಪಡಿಸಿದರು, ನಿರ್ದೇಶಕ ಟೇಲರ್ ಹ್ಯಾಕ್‌ಫರ್ಡ್ ಅದನ್ನು ಸಿನಿಮಾ ಮಾಡಿದರು. ತಾಲೀಮಿನಲ್ಲಿ ಗುರುಶಿಷ್ಯರು ಕಿತ್ತಾಡುವುದನ್ನು ಅದರಲ್ಲಿ ನೋಡಬಹುದು.

ಆ ಕಛೇರಿಗೆಂದು ರಿಚರ್ಡ್ಸ್ ಹುಡುಕಿ ಕರೆತಂದದ್ದು ಜಾನಿ ಜಾನ್ಸನ್ ಅವರನ್ನು. ಕಾಸ್ಮೊಪಾಲಿಟನ್ ಕ್ಲಬ್ಬಿನ ಆ ಪಿಯಾನೊ ವಾದಕ ಆಗ ಸೇಂಟ್ ಲೂಯಿಸ್‌ನಲ್ಲಿ ಬಸ್ ಓಡಿಸುತ್ತಿದ್ದರು. ರಿಚರ್ಡ್ಸ್ ಒಂದು ಸೂಕ್ಷ್ಮ ಗಮನಿಸಿದ್ದರು: ಬೆರ್ರಿಯ ಎಷ್ಟೋ ಹಾಡುಗಳ ಶ್ರುತಿ ಗಿಟಾರಿಗೆ ಅನುಕೂಲವಾದದ್ದಲ್ಲ, ಪಿಯಾನೊಗೆ ಹೊಂದುವಂಥದ್ದು. ಹಾಗಾದರೆ ರಾಗ ಹುಟ್ಟಿದ್ದು ಯಾರ ಬೆರಳಲ್ಲಿ?

2000ದ ನವೆಂಬರಿನಲ್ಲಿ ಜಾನ್ಸನ್ ಕೋರ್ಟಿಗೆ ಹೋದರು. ಐವತ್ತಕ್ಕೂ ಹೆಚ್ಚು ಹಾಡುಗಳ ರಚನೆಯಲ್ಲಿ ತನಗೂ ಪಾಲಿದೆ ಎಂದರು. 2002ರಲ್ಲಿ ಅರ್ಜಿ ವಜಾ ಆಯಿತು. ದಾವೆ ಹೂಡುವ ಅವಧಿ ಎಂದೋ ಮೀರಿಹೋಗಿದೆ ಎಂಬುದು ಕಾರಣ. ಅಂದರೆ ಜಾನ್ಸನ್ ಹೇಳಿದ್ದು ಸುಳ್ಳು ಎಂದು ಕೋರ್ಟ್ ಹೇಳಲಿಲ್ಲ, ನಿಜ ಎಂದೂ ಹೇಳಲಿಲ್ಲ. ಮಾತುಗಳೆಲ್ಲ ಬೆರ್ರಿಯವು ಎಂಬ ಬಗ್ಗೆ ಯಾರಿಗೂ ಸಂಶಯವಿಲ್ಲ. ಕ್ಲಬ್ಬಿನ ವೇದಿಕೆಯ ಮೇಲೆ ಇಬ್ಬರು ಕೂಡಿ ಹದಗೊಳಿಸಿದ ಸಂಗೀತವನ್ನು ಮಾತ್ರ ನಮ್ಮ ಹಕ್ಕುಸ್ವಾಮ್ಯದ ಫಾರಂಗಳು ಸರಿಯಾಗಿ ಹಂಚಲಾರವು. ಫ್ರೀಡ್ ಹೆಸರು ಸುಲಭವಾಗಿ ಸೇರಿದ ಜಾಗದಲ್ಲಿ ಜಾನ್ಸನ್ ಹೆಸರು ಕೊನೆಯವರೆಗೂ ಸೇರಲಿಲ್ಲ. 2001ರಲ್ಲಿ ಹಾಲ್ ಆಫ್ ಫೇಮ್ ಅವರನ್ನೂ ಸೇರಿಸಿಕೊಂಡಿತು. 2005ರಲ್ಲಿ ಅವರು ನಿಧನರಾದರು. ಅಂದಹಾಗೆ 'ಜಾನಿ ಬಿ. ಗೂಡ್'ನ ಜಾನಿ ಎಂಬ ಹೆಸರು ಬಂದಿದ್ದು ಅವರಿಂದಲೇ. ಆದರೆ ಆ ರೆಕಾರ್ಡ್‌ನಲ್ಲಿ ಪಿಯಾನೊ ನುಡಿಸಿದ್ದು ಲಫಾಯೆಟ್ ಲೀಕ್.

ವಾಯೇಜರ್ ತಟ್ಟೆಗೆ ಈ ಹಾಡು ಸುಲಭವಾಗಿ ಹೋಗಲಿಲ್ಲ. ಇದು ಎಳಸು ಸಂಗೀತ ಎಂದು ಜಾನಪದ ಸಂಗೀತ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಆಕ್ಷೇಪಿಸಿದರು. ಭೂಮಿಯ ಮೇಲೆ ಎಳೆಯರೂ ಬಹಳ ಮಂದಿ ಇದ್ದಾರಲ್ಲ ಎಂದರು ತಂಡದ ಮುಖ್ಯಸ್ಥ, ಖಗೋಳ ವಿಜ್ಞಾನಿ ಕಾರ್ಲ್ ಸೇಗನ್. ಕೇಸರಬಾಯಿ ಅವರು ತೀರಿಕೊಂಡದ್ದು ವಾಯೇಜರ್ 1 ಹಾರಿದ ಕೆಲವೇ ದಿನಗಳಲ್ಲಿ, 1977ರ ಸೆಪ್ಟೆಂಬರ್ 16ರಂದು. ಬೆರ್ರಿ ಮಾತ್ರ 1989ರಲ್ಲಿ ವಾಯೇಜರ್ 2 ನೆಪ್ಚೂನ್ ದಾಟಿದಾಗ ಕ್ಯಾಲಿಫೋರ್ನಿಯಾದ ನಾಸಾ ಪ್ರಯೋಗಾಲಯದಲ್ಲಿ ನಡೆದ ಸಂಭ್ರಮಕ್ಕೆ ಗಿಟಾರ್ ಹಿಡಿದು ಬಂದು ಆ ಹಾಡನ್ನೇ ಹಾಡಿದರು.

'ಬ್ಯಾಕ್ ಟು ದಿ ಫ್ಯೂಚರ್' (1985) ನೋಡಿದವರಿಗೆ ಇನ್ನೊಂದು ದೃಶ್ಯ ನೆನಪಿರಬಹುದು. 1985ರಿಂದ 1955ಕ್ಕೆ ಹಿಂದೆ ಹೋದ ಬಿಳಿಯ ಹುಡುಗ 'ಜಾನಿ ಬಿ. ಗೂಡ್' ನುಡಿಸುತ್ತಾನೆ. ಬ್ಯಾಂಡಿನವನೊಬ್ಬ ತನ್ನ ಬಂಧು ಚಕ್‌ಗೆ ಫೋನ್ ಮಾಡಿ, ನೀನು ಹುಡುಕುತ್ತಿದ್ದ ಹೊಸ ಸಂಗೀತ ಇಲ್ಲಿದೆ ಕೇಳು ಎಂದು ರಿಸೀವರ್ ಚಾಚುತ್ತಾನೆ. ಎಲ್ಲರೂ ನಗುತ್ತಾರೆ. 'ಮೇಬಲಿನ್' ಕಥೆ ಗೊತ್ತಾದ ಮೇಲೆ ಆ ಜೋಕು ಅಷ್ಟು ಹಗುರ ಅನ್ನಿಸುವುದಿಲ್ಲ.

1996ರಿಂದ 2014ರವರೆಗೆ ಬೆರ್ರಿ ತಮ್ಮೂರಿನ ಬ್ಲೂಬೆರ್ರಿ ಹಿಲ್ ಎಂಬ ರೆಸ್ಟೋರೆಂಟ್‌ನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದರಂತೆ 209 ಕಾರ್ಯಕ್ರಮ ಕೊಟ್ಟರು, ಮಗ ಮತ್ತು ಮಗಳನ್ನು ಜೊತೆಗೆ ಕೂರಿಸಿಕೊಂಡು. 90ನೇ ಹುಟ್ಟುಹಬ್ಬದಂದು, 38 ವರ್ಷಗಳ ನಂತರದ ಹೊಸ ಆಲ್ಬಂ ಬರಲಿದೆ ಎಂದು ಘೋಷಿಸಿದರು. 2017ರ ಮಾರ್ಚ್ 18ರಂದು ಸೇಂಟ್ ಲೂಯಿಸ್ ಸಮೀಪದ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಏಪ್ರಿಲ್‌ನಲ್ಲಿ ಸಾರ್ವಜನಿಕ ದರ್ಶನಕ್ಕಿಟ್ಟಾಗ ಶವಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅವರ ಚೆರ್ರಿ ಕೆಂಪು ಬಣ್ಣದ ಗಿಬ್ಸನ್ ಗಿಟಾರನ್ನು ಬಿಗಿದಿದ್ದರು. 'ಚಕ್' ಹೆಸರಿನ ಆಲ್ಬಂ ಜೂನ್‌ನಲ್ಲಿ ಬಂತು. ಅದನ್ನು ಅವರು ಪತ್ನಿ ಥೆಮೆಟಾ ಅವರಿಗೆ ಅರ್ಪಿಸಿದ್ದಾರೆ.